ಸತ್ತವರ ಗುಲಾಮಗಿರಿಗೆ ಬದುಕಿರುವವರು ತಪ್ಪಿತಸ್ಥರೇ?

ಓದುಗರ ಪ್ರಶ್ನೆ: ಅಟ್ಲಾಂಟಿಕ್ ಗುಲಾಮರ ವ್ಯಾಪಾರಕ್ಕಾಗಿ ಇಂದಿನ ಬ್ರಿಟನ್, ನೆದರ್‌ಲ್ಯಾಂಡ್ಸ್, ಅಮೆರಿಕ ಕ್ಷಮೆ ಕೇಳಬೇಕು, ಪರಿಹಾರ ಕೊಡಬೇಕು ಎಂಬ ವಾದವನ್ನು ಆಗಾಗ ಓದುತ್ತೇನೆ. ಗುಲಾಮರನ್ನು ದುಡಿಸಿಕೊಂಡವರೂ ಈಗಿಲ್ಲ, ದುಡಿದವರೂ ಇಲ್ಲ. ಹೀಗಿರುವಾಗ ಒಂದು ಇಡೀ ಜನಾಂಗವನ್ನು ತಪ್ಪಿತಸ್ಥರೆಂದು ಕರೆಯುವುದು ನ್ಯಾಯವೇ? ಅದರ ಬದಲು ಈಗ ನಡೆಯುತ್ತಿರುವ ಶೋಷಣೆಯ ಕಡೆ ಗಮನ ಕೊಡಬಾರದೇ?

ಉತ್ತರ: ಪ್ರಶ್ನೆಯ ಮೊದಲ ಭಾಗವನ್ನು ನಾನು ಹೆಚ್ಚು ತಕರಾರಿಲ್ಲದೆ ಒಪ್ಪುತ್ತೇನೆ. ಅಪರಾಧವೆನ್ನುವುದು ರಕ್ತದಲ್ಲಿ ಹರಿದು ಬರುವುದಿಲ್ಲ. ಕೊಂದವನು ಸತ್ತನೆಂದು ಅವನ ಮೊಮ್ಮಗನನ್ನು ಕಟಕಟೆಯಲ್ಲಿ ನಿಲ್ಲಿಸುವ ನ್ಯಾಯಪದ್ಧತಿಯನ್ನು ಯಾರೂ ಬಯಸಲಾರರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ತಮ್ಮ ದೇಶದವರ ಮುಂದೆಯೇ ಈ ಪ್ರಶ್ನೆಯನ್ನು ಇಟ್ಟು, ಕಾನೂನಿನ ಅಪರಾಧ ಮತ್ತು ನೈತಿಕ ಅಪರಾಧ ವ್ಯಕ್ತಿಗೆ ಮಾತ್ರ ಅಂಟುತ್ತವೆ, ಆದರೆ ರಾಜ್ಯವೊಂದು ಮಾಡಿದ ಕೃತ್ಯದ ರಾಜಕೀಯ ಹೊಣೆಯನ್ನು ಅದರ ಪ್ರಜೆಗಳೆಲ್ಲರೂ ಹೊರಬೇಕಾಗುತ್ತದೆ ಎಂದು ವಿಂಗಡಿಸಿದರು. ಈ ವಿಂಗಡಣೆಯನ್ನು ಮರೆತು ವಾದಕ್ಕಿಳಿದವರು, ಅವರು ಯಾವ ಪಕ್ಷದವರೇ ಆಗಿರಲಿ, ಬೇಗನೆ ದಾರಿ ತಪ್ಪುತ್ತಾರೆ.

ಮನುಷ್ಯರು ಸಾಯುತ್ತಾರೆ, ಸರ್ಕಾರ, ಚರ್ಚು, ವಿಶ್ವವಿದ್ಯಾಲಯ, ಬ್ಯಾಂಕುಗಳು ಹಾಗೆ ಸಾಯುವುದಿಲ್ಲ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯ್ದೆ ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರವನ್ನೂ ಮಂಜೂರು ಮಾಡಿತು. ಅದು ಸರ್ಕಾರದ ಆ ಕಾಲದ ವಾರ್ಷಿಕ ವೆಚ್ಚದ ಸುಮಾರು ಶೇಕಡ 40ರಷ್ಟು ಮೊತ್ತ. ಪಡೆದವರು ಗುಲಾಮರಲ್ಲ, ಅವರ ಮಾಲೀಕರು. ಗುಲಾಮರಿಗೆ ಸಿಕ್ಕಿದ್ದು 'ಅಪ್ರೆಂಟಿಸ್' ಎಂಬ ಹೊಸ ಹೆಸರು. ಆ ಹೆಸರಿನಲ್ಲಿ ಅವರನ್ನು 1838ರವರೆಗೆ ಅದೇ ತೋಟಗಳಲ್ಲಿ ಬಿಟ್ಟಿಯಾಗಿ ದುಡಿಸಿಕೊಳ್ಳಲಾಯಿತು. ಈ ಪರಿಹಾರಕ್ಕಾಗಿ ಎತ್ತಿದ್ದ ಸಾಲ, ಮುಂದೆ ಬೇರೆ ಸಾಲಪತ್ರಗಳೊಳಗೆ ಸೇರಿಕೊಂಡು, ಪೂರ್ತಿಯಾಗಿ ತೀರಿದ್ದು 2015ರಲ್ಲಿ. ಎಂದರೆ, ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದು ನೆಲೆಸಿದ, ಗುಲಾಮರ ವಂಶಸ್ಥರಾದ ದಾದಿಯರೂ ಬಸ್ ಚಾಲಕರೂ ತಮ್ಮ ತೆರಿಗೆಯಿಂದ ಆ ಸಾಲಕ್ಕೆ ಪಾಲು ಕೊಟ್ಟಿದ್ದಾರೆ. ಸಾಲ ಮಾಡಿದ ಮಂತ್ರಿಗಳು ಎಂದೋ ಸತ್ತಿದ್ದರು, ಆದರೂ ಆ ಕಾರಣ ಕೊಟ್ಟು ಸಾಲವನ್ನು ಯಾರೂ ಮನ್ನಾ ಮಾಡಲಿಲ್ಲ.

ಹೈಟಿಯ ಲೆಕ್ಕ ಇನ್ನೂ ಕ್ರೂರ. ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರಗೊಳಿಸಿಕೊಂಡ ಆ ದೇಶದ ಬಂದರಿಗೆ ಫ್ರಾನ್ಸ್ 1825ರಲ್ಲಿ ಯುದ್ಧನೌಕೆಗಳನ್ನು ಕಳಿಸಿ, ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ತನ್ನ ವಸಾಹತುಗಾರರಿಗಾಗಿ 15 ಕೋಟಿ ಫ್ರಾಂಕ್ ಕೇಳಿತು. ಮುಂದೆ ಅದು ಒಂಬತ್ತು ಕೋಟಿಗೆ ಇಳಿಯಿತಾದರೂ ಅದಕ್ಕಾಗಿ ಮಾಡಿದ ಸಾಲಗಳ ಬಾಲ 1947ರವರೆಗೂ ಹೈಟಿಯನ್ನು ಬಿಡಲಿಲ್ಲ. ಹಣ ಗುಲಾಮರ ಕಡೆಯಿಂದ ಮಾಲೀಕರ ಕಡೆಗೆ ಹರಿಯುವಾಗ ತಲೆಮಾರುಗಳ ಅಂತರ ಯಾರಿಗೂ ಅಡ್ಡಿಯಾಗಲಿಲ್ಲ. ಎದುರು ದಿಕ್ಕಿನಲ್ಲಿ ಹರಿಯಲಿ ಎಂದಾಗ ಮಾತ್ರ ಅದು ದಾಟಲಾಗದ ಕಂದಕವಾಗುತ್ತದೆ. ತಂದೆಯ ಆಸ್ತಿಗೆ ಹಕ್ಕುದಾರನಾದ ಮಗನಿಗೆ ಆಸ್ತಿಯ ಮೇಲಿನ ಸಾಲವೂ ಬರುತ್ತದೆ, ಅದರಿಂದ ಅವನು ಅಪರಾಧಿಯಾಗುವುದಿಲ್ಲ. ಸಂಸ್ಥೆಗಳ ಹೊಣೆಯನ್ನು ನಾನು ಈ ಅರ್ಥದಲ್ಲಿ ನೋಡುತ್ತೇನೆ.

ಇದೇ ಕಾರಣಕ್ಕೆ 'ಬಿಳಿಯರ ಪಾಪ' ಎಂಬ ಸಗಟು ತೀರ್ಪು ನನಗೆ ಒಪ್ಪಿಗೆಯಿಲ್ಲ. ಅಟ್ಲಾಂಟಿಕ್ ದಾಟಿಸಲೆಂದು ಹಡಗಿಗೆ ತುಂಬಲಾದ ಸುಮಾರು 1.25 ಕೋಟಿ ಆಫ್ರಿಕನ್ನರಲ್ಲಿ ಹಲವರನ್ನು ಸೆರೆಹಿಡಿದು ಮಾರಿದವರು ಡಹೋಮಿಯಂಥ ಆಫ್ರಿಕನ್ ರಾಜ್ಯಗಳವರು. ಆ ಡಹೋಮಿ ಇದ್ದ ಇಂದಿನ ಬೆನಿನ್ ದೇಶದ ಅಧ್ಯಕ್ಷರಾಗಿದ್ದ ಮ್ಯಾಥ್ಯೂ ಕೆರೆಕು 1999ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಇನ್ನೊಂದು ಕಡೆ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಮುಚ್ಚಿ ಸಂಸಾರಗಳು ಹಸಿದಿದ್ದಾಗಲೂ, ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಚರ್ಮದ ಬಣ್ಣ ನೋಡಿ ಅಪರಾಧ ಹಂಚುವವರು ಈ ಕಾರ್ಮಿಕರನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆ?

ಈಗ ಪ್ರಶ್ನೆಯ ಎರಡನೆಯ ಭಾಗ. ಹಿಂದಿನದನ್ನು ಬಿಟ್ಟು ಇಂದಿನದನ್ನು ನೋಡೋಣ ಎಂಬ ಮಾತು ಕೇಳಲು ಹಿತವಾಗಿದೆ, ಆದರೆ ಇವೆರಡೂ ಬೇರೆ ಬೇರೆ ಕಡತಗಳಲ್ಲ. ಲಿವರ್‌ಪೂಲಿನ ವರ್ತಕ ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ರ ತಂದೆ, ತನ್ನ ತೋಟಗಳ ಎರಡು ಸಾವಿರಕ್ಕೂ ಹೆಚ್ಚು ಗುಲಾಮರ ಬಾಬ್ತು ಒಂದು ಲಕ್ಷ ಪೌಂಡಿಗೂ ಮಿಕ್ಕಿದ ಪರಿಹಾರ ಪಡೆದವನು. ಗುಲಾಮರು ಇನ್ನು ಸಿಗುವುದಿಲ್ಲವೆಂದು ಅರಿವಾದ ಕೂಡಲೇ ಅವನು ಕಲ್ಕತ್ತೆಯ ಏಜೆಂಟರಿಗೆ ಪತ್ರ ಬರೆದು ಕೂಲಿಗಳನ್ನು ಕೇಳಿದ. 1838ರಲ್ಲಿ ಗಯಾನಕ್ಕೆ ಬಂದಿಳಿದ ಆ ಭಾರತೀಯರ ಕೈಯಲ್ಲಿ ಐದು ವರ್ಷಗಳ ಕರಾರುಪತ್ರವಿತ್ತು, ಕಾಗದದ ಮೇಲೆ ಅವರು ಯಾರ ಸೊತ್ತೂ ಆಗಿರಲಿಲ್ಲ; ಆದರೆ ಕರಾರು ಮುಗಿಯುವ ಮುನ್ನ ತೋಟ ಬಿಟ್ಟರೆ ಜೈಲು ಕಾದಿತ್ತು. ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ಗುಲಾಮಗಿರಿಯನ್ನು ನಿಷೇಧಿಸಿದ 1865ರ ಸಂವಿಧಾನ ತಿದ್ದುಪಡಿಯಲ್ಲಿ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದೆಂಬ ವಿನಾಯಿತಿ ಉಳಿದುಕೊಂಡಿತು. ದಕ್ಷಿಣದ ರಾಜ್ಯಗಳು ಅದನ್ನೇ ಹಿಡಿದು, ಕ್ಷುಲ್ಲಕ ಆರೋಪಗಳ ಮೇಲೆ ಬಂಧಿಸಿದ ಕಪ್ಪುಜನರನ್ನು ಗಣಿಗಳಿಗೂ ತೋಟಗಳಿಗೂ ಬಾಡಿಗೆಗೆ ಕೊಟ್ಟವು. ಅಲಬಾಮಾ ಈ ಪದ್ಧತಿಯನ್ನು ನಿಲ್ಲಿಸಿದ್ದು 1928ರಲ್ಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಇವರನ್ನು ಹಿಡಿದಿಡುವ ಸಾಧನಗಳನ್ನು ಗ್ಲಾಡ್‌ಸ್ಟನ್ ನೋಡಿದ್ದರೆ ತಕ್ಷಣ ಗುರುತಿಸುತ್ತಿದ್ದ: ಕೆಲಸ ಕೊಡಿಸಲು ಏಜೆಂಟ್ ಕಿತ್ತುಕೊಂಡ ಶುಲ್ಕ, ಆ ಶುಲ್ಕಕ್ಕಾಗಿ ಮಾಡಿದ ಸಾಲ, ಮಾಲೀಕನ ಕಪಾಟಿನಲ್ಲಿರುವ ಪಾಸ್‌ಪೋರ್ಟ್, ತಡೆಹಿಡಿದ ಸಂಬಳ. ಅಂದು ಕಾನೂನೇ ಮನುಷ್ಯನನ್ನು ಸೊತ್ತೆಂದು ಬರೆದಿತ್ತು, ಇಂದು ಯಾವ ದೇಶವೂ ಹಾಗೆ ಬರೆಯುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಹೋರಾಡಿ ಗಳಿಸಿದ್ದು. ಆದ್ದರಿಂದ ಇಂದಿನ ಪ್ರತಿಯೊಂದು ಅನ್ಯಾಯವನ್ನೂ ಅಟ್ಲಾಂಟಿಕ್ ಗುಲಾಮಗಿರಿಗೆ ಸಮವೆನ್ನುವ ಭಾಷಣಗಳು ಎರಡಕ್ಕೂ ಅಪಚಾರ ಮಾಡುತ್ತವೆ.

ಅಪರಾಧಪ್ರಜ್ಞೆಯ ಪ್ರಶ್ನೆ ನಿಜವಾಗಿ ಚುಚ್ಚಬೇಕಾದದ್ದು ಇಲ್ಲಿ. ಸತ್ತವರ ಕೃತ್ಯದಲ್ಲಿ ನಮ್ಮ ಕೈಯಿರಲಿಲ್ಲ, ಈಗಿನದರಲ್ಲಿ ಇದೆ. ತೀರಾ ತೆಳುವಾಗಿ, ಬೆಲೆಚೀಟಿಯ ಆಚೆ ಕಾಣದಷ್ಟು ದೂರದಲ್ಲಿ. ಬ್ರಿಟಿಷ್ ಸಂಸತ್ತು 1791ರಲ್ಲಿ ಗುಲಾಮರ ವ್ಯಾಪಾರ ನಿಷೇಧದ ಮಸೂದೆಯನ್ನು ತಿರಸ್ಕರಿಸಿದಾಗ, ಮತದಾನದ ಹಕ್ಕೇ ಇಲ್ಲದ ಹೆಂಗಸರು ಸೇರಿ ಲಕ್ಷಗಟ್ಟಲೆ ಜನ ಗುಲಾಮರು ಬೆಳೆದ ಸಕ್ಕರೆಯನ್ನು ಬಿಟ್ಟರು. ಅದರಿಂದ ವ್ಯಾಪಾರ ಕೂಡಲೇ ನಿಲ್ಲಲಿಲ್ಲ, ನಿಷೇಧವಾಗಲು 1807 ಬರಬೇಕಾಯಿತು. ಆದರೆ ಕೊಳ್ಳುವವನಿಗೂ ದುಡಿಯುವವನಿಗೂ ನಡುವೆ ಸಂಬಂಧವಿದೆ ಎಂಬುದು ಮನೆಮನೆಗೆ ತಲುಪಿತು. ಚಾಕೊಲೇಟ್ ಕಂಪನಿಗಳು ಕೋಕೋ ತೋಟಗಳ ಅತಿಕೆಟ್ಟ ಬಾಲಕಾರ್ಮಿಕತೆಯನ್ನು ನಿಲ್ಲಿಸುವುದಾಗಿ 2001ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಘಾನಾ ಮತ್ತು ಐವರಿ ಕೋಸ್ಟ್‌ಗಳಲ್ಲಿ ಇನ್ನೂ ಸುಮಾರು 15.6 ಲಕ್ಷ ಮಕ್ಕಳು ಕೋಕೋ ಕೆಲಸದಲ್ಲಿರುವುದನ್ನು ಕಂಡಿತು. ಅವರೆಲ್ಲರೂ ಗುಲಾಮರಲ್ಲ, ಬಹುಪಾಲು ತಂತಮ್ಮ ಮನೆಯ ಹೊಲದಲ್ಲಿ ದುಡಿಯುವವರು; ಆದರೆ ಒಂದೊಂದು ಹಂತದಲ್ಲೂ ಬೆಲೆಯನ್ನು ಒತ್ತುತ್ತ ಬರುವ ವ್ಯವಸ್ಥೆಯಲ್ಲಿ ಕೊನೆಗೆ ಮಗುವಿನ ಕೈಗೆ ಕತ್ತಿ ಬರುವುದು ಆಕಸ್ಮಿಕವಲ್ಲ.

ಹೀಗಿರುವಾಗ ಮಾಡಬೇಕಾದದ್ದೇನು? ಕೊಳ್ಳುವವರ ಆತ್ಮಸಾಕ್ಷಿಯೊಂದನ್ನೇ ನಂಬಿ ಕೂರುವುದು ಸಾಲದು, ಕಾನೂನು ಬೇಕು; ಆದರೆ ಎಲ್ಲ ಕಾನೂನೂ ಒಂದೇ ಅಲ್ಲ. ಬ್ರಿಟನ್ 2015ರಲ್ಲಿ, ಮಾಲೀಕರ ಪರಿಹಾರದ ಸಾಲ ತೀರಿದ ವರ್ಷವೇ, ಆಧುನಿಕ ಗುಲಾಮಗಿರಿ ಕಾಯ್ದೆಯನ್ನು ತಂದು ದೊಡ್ಡ ಕಂಪನಿಗಳಿಗೆ ವಾರ್ಷಿಕ ಹೇಳಿಕೆ ಪ್ರಕಟಿಸಲು ಹೇಳಿತು. ಆ ಹೇಳಿಕೆಯಲ್ಲಿ 'ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ' ಎಂದು ಬರೆದರೂ ಕಾಯ್ದೆ ಪಾಲಿಸಿದಂತೆಯೇ ಲೆಕ್ಕ. ಅಮೆರಿಕದ ಸುಂಕ ಇಲಾಖೆ ಬೇರೆ ದಾರಿ ಹಿಡಿಯಿತು. ಬಲವಂತದ ದುಡಿಮೆಯ ಕಾರಣಕ್ಕೆ ಮಲೇಷ್ಯಾದ ಕೈಗವಸು ತಯಾರಕ ಕಂಪನಿಯೊಂದರ ಸರಕನ್ನು ಅದು 2020ರಲ್ಲಿ ಬಂದರಿನಲ್ಲೇ ತಡೆದಾಗ, ಆ ಕಂಪನಿ ವಲಸೆ ಕಾರ್ಮಿಕರು ಏಜೆಂಟರಿಗೆ ತೆತ್ತಿದ್ದ ಶುಲ್ಕ ಇತ್ಯಾದಿಗಳ ಬಾಬ್ತು ಮೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕಾರ್ಮಿಕರಿಗೇ ಮರಳಿಸಿತು. ತಡೆ ತೆರವಾದದ್ದು ಆಮೇಲೆ, 2021ರಲ್ಲಿ.