ಸರ್ವಶ್ರೇಷ್ಠ ಸಿನಿಮಾ: ಎಪ್ಪತ್ತು ವರ್ಷಗಳ ಎಣಿಕೆ

1952ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಬೇರೆ ಬೇರೆ ದೇಶಗಳ ವಿಮರ್ಶಕರಿಗೆ ಒಂದು ಪ್ರಶ್ನೆ ಕಳಿಸಿತು. ಇಲ್ಲಿಯವರೆಗೆ ಬಂದ ಸಿನಿಮಾಗಳಲ್ಲಿ ಅತ್ಯುತ್ತಮವಾದ ಹತ್ತು ಯಾವುವು? ಆಮೇಲೆ ಹತ್ತು ವರ್ಷಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಲೇ ಬಂದಿದೆ. ಆ ಮೊದಲ ಸಲ ಉತ್ತರ ಬರೆದವರು 63 ಜನ. ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ 25 ಮತ ಪಡೆದು ಗೆದ್ದಿತು. ಆ ಸಿನಿಮಾಗೆ ಆಗಿನ್ನೂ ನಾಲ್ಕೇ ವರ್ಷ. ಇವತ್ತು ಯಾರಾದರೂ ನಾಲ್ಕು ವರ್ಷದ ಸಿನಿಮಾವನ್ನು ಸಾರ್ವಕಾಲಿಕ ಶ್ರೇಷ್ಠ ಎಂದರೆ ಜಗಳಕ್ಕೆ ನಿಲ್ಲುತ್ತೇವೆ, ಅಲ್ವಾ?

ಅದೇ ಪಟ್ಟಿಯ ಐದನೇ ಸ್ಥಾನದಲ್ಲಿ ‘ಲೂಯಿಸಿಯಾನಾ ಸ್ಟೋರಿ’ ಇತ್ತು. ರಾಬರ್ಟ್ ಫ್ಲಾಹರ್ಟಿ ಒಂದು ಎಣ್ಣೆ ಕಂಪನಿಯ ದುಡ್ಡಿನಲ್ಲಿ ಮಾಡಿದ ಚಿತ್ರ ಅದು. ಈಗ ಅದರ ಹೆಸರು ಕೇಳಿದವರನ್ನೇ ಹುಡುಕಬೇಕು. ಹಳೆಯ ಸಿನಿಮಾಗಳು ಪಟ್ಟಿಯಲ್ಲಿ ಬೇರು ಬಿಟ್ಟು ಕೂತಿವೆ, ಸುಮ್ನೆ ಗೌರವಕ್ಕೆ ಅಲ್ಲಿಟ್ಟಿದ್ದಾರೆ ಎಂದು ದೂರುವವರು ಇದನ್ನು ನೋಡಬೇಕು. ಪಟ್ಟಿಯಿಂದ ಬಿದ್ದುಹೋದ ಹಳೆಯ ಸಿನಿಮಾಗಳೇ ಜಾಸ್ತಿ.

ಆ ಮೊದಲ ಪಟ್ಟಿಯಲ್ಲಿ ಇನ್ನೊಂದು ವಿಚಿತ್ರ ಇದೆ. ಎರಿಕ್ ಫಾನ್ ಸ್ಟ್ರೋಹೈಮ್ ಅವರ ‘ಗ್ರೀಡ್’ ಮೊದಲು ಎಂಟು ಗಂಟೆಗೂ ಉದ್ದ ಇತ್ತು. ಸ್ಟುಡಿಯೋದವರು ಅದನ್ನು ಎರಡೂವರೆ ಗಂಟೆಯೊಳಗೆ ಇಳಿಸಿದರು. ಝಾನ್ ರೆನ್ವಾರ್ ಅವರ ‘ದಿ ರೂಲ್ಸ್ ಆಫ್ ದಿ ಗೇಮ್’ 1939ರಲ್ಲಿ ಸೋತಿತು, ಕತ್ತರಿಗೆ ಸಿಕ್ಕಿತು, ನಿಷೇಧವಾಯಿತು. ಯುದ್ಧದ ಬಾಂಬಿಗೆ ಮೂಲ ನೆಗೆಟಿವ್ ಕೂಡ ನಾಶವಾಯಿತು. ಅದನ್ನು ಮತ್ತೆ ಜೋಡಿಸಿದ್ದು 1959ರಲ್ಲಿ. ಕಾರ್ಲ್ ಡ್ರೇಯರ್ ಅವರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಹೋಗಿತ್ತು. ಅವರು ಮೊದಲು ಕಟ್ಟಿದ ರೂಪದ ಪ್ರಿಂಟ್ ಸಿಕ್ಕಿದ್ದು 1981ರಲ್ಲಿ, ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯಲ್ಲಿ! ಅಂದರೆ 1952ರಲ್ಲಿ ಮತ ಹಾಕಿದವರು ಈ ಮೂರನ್ನೂ ಅರೆಬರೆಯಾಗಿ ನೋಡಿಯೇ ಮೆಚ್ಚಿದ್ದರು. ಅರ್ಹತೆಯ ಬಗ್ಗೆ ವಾದ ಮಾಡುವ ಮೊದಲು ಯಾರು ಯಾವ ಪ್ರಿಂಟ್ ನೋಡಿದ್ದರು ಎಂದು ಕೇಳಬೇಕಾಗುತ್ತದೆ.

‘ಸಿಟಿಜನ್ ಕೇನ್’ ಕಥೆಯೂ ಹೀಗೇ. ಆರ್ಸನ್ ವೆಲ್ಸ್ ಅದನ್ನು ಬಿಡುಗಡೆ ಮಾಡಿದ್ದು 1941ರಲ್ಲಿ. ಮುಖ್ಯ ಪಾತ್ರ ತನ್ನನ್ನೇ ಹೋಲುತ್ತದೆ ಎಂದು ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಸಿಟ್ಟಾದರು. ಅವರ ಪತ್ರಿಕೆಗಳು ಸಿನಿಮಾದ ಜಾಹೀರಾತನ್ನೂ ತೆಗೆದುಕೊಳ್ಳಲಿಲ್ಲ. ಚಿತ್ರ ನಷ್ಟ ಮಾಡಿತು. ಯುದ್ಧದ ದೆಸೆಯಿಂದ ಫ್ರಾನ್ಸಿನವರಿಗೆ ಅದು ಸಿಕ್ಕಿದ್ದೇ 1946ರಲ್ಲಿ. 1952ರ ಮೊದಲ ಹತ್ತರಲ್ಲಿ ಅದರ ಹೆಸರಿಲ್ಲ. 1956ರ ಹೊತ್ತಿಗೆ ಅಮೆರಿಕದ ಚಿತ್ರಮಂದಿರಗಳಿಗೆ ಮತ್ತೆ ಬಂತು, ಟಿವಿಯಲ್ಲೂ ಬಂತು. ಫ್ರೆಂಚ್ ವಿಮರ್ಶಕರು ಅಷ್ಟರಲ್ಲಿ ವೆಲ್ಸ್ ಬಗ್ಗೆ ಬರೆದೂ ಬರೆದೂ ಹಾದಿ ಮಾಡಿಟ್ಟಿದ್ದರು. 1962ರಲ್ಲಿ ಅದು ಮೊದಲ ಸ್ಥಾನಕ್ಕೆ ಏರಿ ಕೂತಿತು. 2012ರವರೆಗೆ, ಸತತ ಐದು ಎಣಿಕೆಗಳಲ್ಲಿ, ಅದನ್ನು ಯಾರಿಗೂ ಅಲ್ಲಾಡಿಸಲು ಆಗಲಿಲ್ಲ.

ನೋಡಲು ಸಿಕ್ಕರೆ ಮಾತ್ರ ಸಿನಿಮಾ ಮೇಲೇರುತ್ತದೆ ಎಂದುಕೊಂಡರೆ, ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ವರ್ಟಿಗೊ’ ಆ ಲೆಕ್ಕವನ್ನೇ ತಪ್ಪಿಸುತ್ತದೆ. 1958ರಲ್ಲಿ ಬಂದಾಗ ಅದಕ್ಕೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಆಮೇಲೆ ಹಿಚ್‌ಕಾಕ್ ಅದರ ಹಕ್ಕನ್ನು ತಮ್ಮ ಬಳಿ ಇಟ್ಟುಕೊಂಡು ಪ್ರದರ್ಶನದಿಂದಲೇ ಹಿಂತೆಗೆದುಕೊಂಡರು. 1982ರ ಹೊತ್ತಿಗೆ ಸುಮಾರು ಹತ್ತು ವರ್ಷದಿಂದ ಅದನ್ನು ನೋಡುವುದೇ ಕಷ್ಟವಾಗಿತ್ತು. ಆದರೆ ಮೊದಲ ಬಾರಿಗೆ ಅದು ಮೊದಲ ಹತ್ತರೊಳಗೆ ಬಂದದ್ದು ಸರಿಯಾಗಿ ಆ ಗೈರುಹಾಜರಿಯಲ್ಲೇ, 1982ರಲ್ಲಿ, ಏಳನೆಯದಾಗಿ! ಕೈಗೆ ಸಿಗದ ಸಿನಿಮಾ ನೆನಪಿನಲ್ಲಿ ಇನ್ನಷ್ಟು ಚೆನ್ನಾಗಿರುತ್ತದೋ ಏನೋ. ಮತ್ತೆ ಬಿಡುಗಡೆಯಾದ ಮೇಲೂ ಅದು ಮೇಲೇರುತ್ತಲೇ ಹೋಗಿ 2012ರಲ್ಲಿ ಕೇನ್‌ನನ್ನು ಇಳಿಸಿತು.

ಆ ಗೆಲುವಿನ ಅಂಕಿಗಳನ್ನು ನೋಡಿ. ಮತ ಹಾಕಿದವರು 846 ಜನ. ವರ್ಟಿಗೊಗೆ ಬಂದದ್ದು 191, ಕೇನ್‌ಗೆ 157. ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಜನ ‘ಸರ್ವಶ್ರೇಷ್ಠ’ ಸಿನಿಮಾವನ್ನು ತಮ್ಮ ಹತ್ತರಲ್ಲಿ ಸೇರಿಸಲೇ ಇಲ್ಲ. ಒಟ್ಟು 2,045 ಸಿನಿಮಾಗಳಿಗೆ ಒಂದಾದರೂ ಮತ ಬಿದ್ದಿತ್ತು. ಇಲ್ಲಿ ಒಬ್ಬೊಬ್ಬರೂ ಹತ್ತು ಹೆಸರು ಕೊಡುತ್ತಾರೆ, ಹತ್ತಕ್ಕೂ ಒಂದೇ ಬೆಲೆ. ಒಂದು ಸಿನಿಮಾಕ್ಕೆ ಪ್ರಾಣ ಬಿಡುವವನ ಮತವೂ ಒಂದೇ, ಕೊನೆಗೆ ಜಾಗ ಉಳಿಯಿತೆಂದು ಅದನ್ನೇ ಸೇರಿಸಿದವನ ಮತವೂ ಒಂದೇ. ಹಾಗಾಗಿ ಮೊದಲ ಸ್ಥಾನ ಹೇಳುವುದು ಹೆಚ್ಚು ಜನ ಒಪ್ಪಿದ ಸಿನಿಮಾ ಯಾವುದು ಎಂದಷ್ಟೇ. ಕೇನ್ ಮೊದಲ ನೂರರಲ್ಲಿ ಇರಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಐವತ್ತು ವರ್ಷ ತುದಿಯಲ್ಲಿ ಕೂತದ್ದರಲ್ಲಿ ಈ ಎಣಿಕೆಯ ಕ್ರಮಕ್ಕೂ ಪಾಲಿದೆ. ಮೇಲಿದೆ ಎಂದು ಜನ ನೋಡುತ್ತಾರೆ, ನೋಡಿದವರು ಮತ್ತೆ ಮತ ಹಾಕುತ್ತಾರೆ.

ಸಾಮಾನ್ಯ ಪ್ರೇಕ್ಷಕರನ್ನು ಕೇಳಿದರೆ ಉತ್ತರ ಬೇರೆ. ಪ್ರೇಕ್ಷಕರೇ ಅಂಕ ಕೊಡುವ ಐಎಂಡಿಬಿ ಜಾಲತಾಣದ ಪಟ್ಟಿಯ ತುದಿಯಲ್ಲಿ ಬಹುಕಾಲದಿಂದ ಇರುವುದು 1994ರ ‘ದಿ ಶಾಶಾಂಕ್ ರಿಡೆಂಪ್ಶನ್’. ಅದೂ ಚಿತ್ರಮಂದಿರದಲ್ಲಿ ಸೋತು, ವಿಡಿಯೋ ಮತ್ತು ಕೇಬಲ್ ಟಿವಿಯಿಂದ ಬದುಕಿದ ಸಿನಿಮಾ.

ದೊಡ್ಡ ಗಲಾಟೆ ಆದದ್ದು 2022ರಲ್ಲಿ. ಈ ಸಲ ಪತ್ರಿಕೆ 1,600ಕ್ಕೂ ಹೆಚ್ಚು ಜನರಿಂದ ಮತ ಪಡೆದಿತ್ತು. 2002ರಲ್ಲಿ ಈ ಸಂಖ್ಯೆ ಬರೀ 145. ಬೆಲ್ಜಿಯಂನ ಶಾಂತಾಲ್ ಆಕರ್ಮನ್ 1975ರಲ್ಲಿ ಮಾಡಿದ ‘ಝಾನ್ ದೀಲ್ಮಾನ್’, ಹಿಂದಿನ ಸಲ ಮೂವತ್ತರ ಆಚೆ ಇದ್ದದ್ದು, ನೇರ ಮೊದಲ ಸ್ಥಾನಕ್ಕೆ ಬಂತು. ಒಬ್ಬ ವಿಧವೆ ತಾಯಿಯ ಮೂರು ದಿನಗಳ ಮನೆಗೆಲಸ, ಮೂರು ಗಂಟೆ ಇಪ್ಪತ್ತು ನಿಮಿಷ. ಮೊದಲ ಹತ್ತರೊಳಗೆ ಅಲ್ಲಿಯವರೆಗೆ ಯಾವ ಮಹಿಳಾ ನಿರ್ದೇಶಕರ ಸಿನಿಮಾವೂ ಬಂದಿರಲಿಲ್ಲ. ನಿರ್ದೇಶಕ ಪಾಲ್ ಶ್ರೇಡರ್, ಇದು ‘ಪೊಲಿಟಿಕಲ್ ಕರೆಕ್ಟ್‌ನೆಸ್’ಗೆ ಬಗ್ಗಿದ ಎಣಿಕೆ ಎಂದು ಬಹಿರಂಗವಾಗಿ ಟೀಕಿಸಿದರು.

ಟೀಕೆಯಲ್ಲಿ ಅರ್ಧ ನಿಜವಿದೆ. ಮತದಾರರು ಬದಲಾದರು, ಫಲಿತಾಂಶವೂ ಬದಲಾಯಿತು. ಆದರೆ 1952ರ 63 ಜನರ ಆಯ್ಕೆಯೂ ಆಕಾಶದಿಂದ ಇಳಿದದ್ದಲ್ಲವಲ್ಲ. ಅವರಿಗೆ ಜಪಾನಿನ ನಿರ್ದೇಶಕ ಓಝು ಅವರ ‘ಟೋಕಿಯೊ ಸ್ಟೋರಿ’ ಗೊತ್ತಿರಲು ಸಾಧ್ಯವೇ ಇರಲಿಲ್ಲ, ಅದು ಬಂದದ್ದೇ 1953ರಲ್ಲಿ. ನ್ಯೂಯಾರ್ಕಿನಲ್ಲಿ ತೆರೆಕಂಡದ್ದು 1972ರಲ್ಲಿ. ಈಗ ಅದು ನಾಲ್ಕನೆಯದು. ನನ್ನ ಮಟ್ಟಿಗೆ ಆಕರ್ಮನ್ ಸಿನಿಮಾ ಕೇನ್‌ಗಿಂತ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಆದರೆ ಎರಡನೇ ದಿನ ಆಲೂಗಡ್ಡೆ ಬೆಂದು ಹಾಳಾದಾಗ ಆಗುವ ದಿಗಿಲನ್ನು ಬೇರೆ ಯಾವ ಸಿನಿಮಾವೂ ನನಗೆ ಕೊಟ್ಟಿಲ್ಲ.

ಇಳಿದವರ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಅಂತೋನಿಯೋನಿಯವರ ‘ಲಾವೆಂಚುರಾ’ 1960ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕೂಗಾಟ ಎದುರಿಸಿತ್ತು. ಎರಡೇ ವರ್ಷಕ್ಕೆ ಅದು ಎರಡನೇ ಸ್ಥಾನದಲ್ಲಿತ್ತು. 2022ರಲ್ಲಿ 72ನೆಯದು. ಇದೇ ಪಟ್ಟಿಯ 30ನೇ ಸ್ಥಾನಕ್ಕೆ ಸೆಲೀನ್ ಸಿಯಾಮಾ ಅವರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಬಂದಿದೆ. 2019ರ ಚಿತ್ರ, ಆಗ ಮೂರು ವರ್ಷದ್ದು. ಅದಕ್ಕೆ ಕೇನ್‌ನ ಯೋಗವೋ ಲಾವೆಂಚುರಾದ ಗತಿಯೋ ಎಂದು ಕೇಳಿದರೆ, ನಾನು ಎರಡನೆಯದರ ಮೇಲೆ ಪಂದ್ಯ ಕಟ್ಟುತ್ತೇನೆ.