ಸೀಸರ್‌ನ ಲೆಕ್ಕಕ್ಕೆ ಬಾರದ ಕೆಲ್ಟರು

ಕೆಲ್ಟರು ನೆಲೆಸಿದ್ದ ಗಾಲ್ ನಾಡಿನಲ್ಲಿ (ಈಗಿನ ಫ್ರಾನ್ಸ್ ಮತ್ತು ಅದರ ಸುತ್ತಮುತ್ತ) ಲೆಕ್ಕಕ್ಕೆ ಬರುವ ಜನ ಎರಡೇ ಬಗೆ: ಡ್ರೂಯಿಡ್ ಎಂಬ ಪುರೋಹಿತರು ಮತ್ತು ಕುದುರೆ ಏರಿ ಕಾದುವ ಸರದಾರರು. ಉಳಿದ ಸಾಮಾನ್ಯರ ಸ್ಥಿತಿ ಹೆಚ್ಚುಕಡಿಮೆ ಗುಲಾಮರದು, ಅವರನ್ನು ಯಾವ ಸಭೆಗೂ ಕರೆಯುವುದಿಲ್ಲ. ಜೂಲಿಯಸ್ ಸೀಸರ್ ತನ್ನ ಯುದ್ಧವೃತ್ತಾಂತದ ಆರನೆಯ ಭಾಗದಲ್ಲಿ ಬರೆದಿಟ್ಟ ಮಾತಿನ ಸಾರ ಇದು. ಬರೆದವನು ಕ್ರಿ.ಪೂ. 58ರಿಂದ ಮುಂದಿನ ಎಂಟು ವರ್ಷ ಅದೇ ಜನರನ್ನು ಯುದ್ಧದಲ್ಲಿ ಬಗ್ಗುಬಡಿದ ದಂಡನಾಯಕ. ಆ ಯುದ್ಧ ನ್ಯಾಯವಾದದ್ದೆಂದು ಅವನು ರೋಮ್‌ನವರನ್ನು ಒಪ್ಪಿಸಬೇಕಿತ್ತು. ಕೆಲ್ಟರಾದರೋ ತಮ್ಮ ಬದುಕಿನ ಬಗ್ಗೆ ಒಂದು ಗ್ರಂಥವನ್ನೂ ಬರೆದಿಡಲಿಲ್ಲ. ಹಾಗಾಗಿ ಗೆದ್ದವನ ಮಾತೇ ಸೋತವರ ಸಮಾಜದ ಚಿತ್ರವಾಗಿ ಸಾವಿರದ ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಅದು ಕದಲಲು ಶುರುವಾದದ್ದು 19ನೇ ಶತಮಾನದಲ್ಲಿ, ಆಸ್ಟ್ರಿಯಾದ ಒಂದು ಉಪ್ಪಿನ ಗಣಿಯ ಬಳಿ.

ಗಣಿಗೆ ಹೋಗುವ ಮೊದಲು ಕೆಲ್ಟರು ಯಾರು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಗ್ರೀಕರು ಕ್ರಿ.ಪೂ. 600ರ ಸುಮಾರಿಗೆ ಈಗಿನ ಮಾರ್ಸೇ ನಗರವಿರುವಲ್ಲಿ ಮಸ್ಸಾಲಿಯಾ ಎಂಬ ವಸಾಹತು ಕಟ್ಟಿದರು. ಅದರ ಬೆನ್ನಿಗಿದ್ದ ನಾಡಿನ ಜನರನ್ನು ಅವರು ‘ಕೆಲ್ಟೊಯ್’ ಎಂದು ಕರೆದರು. ಡ್ಯಾನ್ಯೂಬ್ ನದಿ ಹುಟ್ಟುವುದು ಕೆಲ್ಟರ ನಾಡಿನಲ್ಲಿ ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ. ಬ್ರಿಟನ್, ಐರ್ಲೆಂಡ್‌ಗಳ ಜನರನ್ನು ಪ್ರಾಚೀನರು ಯಾರೂ ಕೆಲ್ಟರೆಂದು ಕರೆದಿರಲಿಲ್ಲ. ವೆಲ್ಷ್, ಐರಿಷ್, ಬ್ರೆಟನ್ ಭಾಷೆಗಳು ಹಳೆಯ ಗಾಲ್ ಭಾಷೆಯ ಬಂಧುಗಳು ಎಂದು ವೇಲ್ಸ್ ಮೂಲದ ವಿದ್ವಾಂಸ ಎಡ್ವರ್ಡ್ ಲ್ಹುಯ್ಡ್ 1707ರಲ್ಲಿ ತೋರಿಸಿಕೊಟ್ಟ ಬಳಿಕವೇ ಆ ಹೆಸರು ದ್ವೀಪಗಳಿಗೂ ಹಬ್ಬಿತು. ಇವರೆಲ್ಲ ಒಂದೇ ಜನಾಂಗ, ಒಂದೇ ರಾಜ್ಯ ಎಂದು ಭಾವಿಸುವುದು ತಪ್ಪು. ಬಂಧುಭಾಷೆಗಳನ್ನಾಡುತ್ತಿದ್ದ, ಆಗಾಗ ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದ ನೂರಾರು ಬುಡಕಟ್ಟುಗಳಿಗೆ ನಾವಿಟ್ಟ ಒಟ್ಟು ಹೆಸರು ಅದು.

ಸೀಸರ್‌ನ ಬರಹವನ್ನು ನಿಧಾನವಾಗಿ ಓದಿದರೆ ಅವನ ಮಾತಿಗೆ ಅವನೇ ಎದುರು ಸಾಕ್ಷಿ ಒದಗಿಸುತ್ತಾನೆ. ಸಾಲದ ಹೊರೆ, ತೆರಿಗೆಯ ಭಾರ, ಬಲಾಢ್ಯರ ದಬ್ಬಾಳಿಕೆ ತಾಳಲಾರದೆ ಬಡವರು ಸರದಾರರ ಜೀತಕ್ಕೆ ಬೀಳುತ್ತಾರೆ ಎಂದು ಒಂದು ಕಡೆ ಹೇಳುತ್ತಾನೆ. ಅದಕ್ಕಿಂತ ಎರಡು ಅಧ್ಯಾಯ ಹಿಂದೆ, ತನ್ನನ್ನು ನಂಬಿದವರನ್ನು ಕಾಪಾಡಲಾಗದ ಒಡೆಯ ತನ್ನ ಜನರ ನಡುವೆ ಮರ್ಯಾದೆ ಕಳೆದುಕೊಳ್ಳುತ್ತಾನೆ ಎಂದೂ ಬರೆದಿದ್ದಾನೆ. ಎಬುರೋನ ಬುಡಕಟ್ಟಿನ ನಾಯಕ ಅಂಬಿಯೊರಿಕ್ಸ್, ‘ನನಗೆ ಜನರ ಮೇಲೆ ಎಷ್ಟು ಅಧಿಕಾರವಿದೆಯೋ ಜನರಿಗೆ ನನ್ನ ಮೇಲೆ ಅಷ್ಟೇ ಇದೆ’ ಎಂಬರ್ಥದ ಮಾತಾಡಿದ್ದನ್ನು ದಾಖಲಿಸಿದವನೂ ಅವನೇ. ಅಂಬಿಯೊರಿಕ್ಸ್ ಆ ಮಾತನ್ನು ರೋಮನ್ನರನ್ನು ಮೋಸಗೊಳಿಸಲು ಆಡಿದ್ದ, ನಿಜ. ಆದರೂ ಕೇಳಿದವರು ಅದನ್ನು ನಂಬಿದರು. ಆ ನಾಡಿನಲ್ಲಿ ಹಾಗೆ ನಡೆಯುವುದು ಅಸಂಭವವೆಂದು ಅವರಿಗೆ ಅನಿಸಲಿಲ್ಲ.

ಈ ಸಮಾಜವನ್ನು ಹಿಡಿದಿಟ್ಟಿದ್ದ ಕೊಂಡಿ ಒಡೆಯ ಮತ್ತು ಆಶ್ರಿತರ ಸಂಬಂಧ. ಸರದಾರ ದನ, ಭೂಮಿ, ರಕ್ಷಣೆ ಕೊಡುತ್ತಿದ್ದ. ಆಶ್ರಿತ ದುಡಿಮೆ, ದವಸ ಮತ್ತು ಯುದ್ಧಕಾಲದಲ್ಲಿ ತೋಳ್ಬಲ ಕೊಡುತ್ತಿದ್ದ. ಆಶ್ರಿತರ ಸಂಖ್ಯೆಯೇ ಸರದಾರನ ಆಸ್ತಿ. ಹೆಲ್ವೆಟಿಯ ಬುಡಕಟ್ಟಿನ ಸರದಾರ ಓರ್ಗೆಟೊರಿಕ್ಸ್‌ನನ್ನು ರಾಜನಾಗಲು ಒಳಸಂಚು ನಡೆಸಿದ ಆರೋಪದ ಮೇಲೆ ವಿಚಾರಣೆಗೆ ಕರೆದಾಗ ಅವನು ತನ್ನ ಮನೆತನದ ಹತ್ತು ಸಾವಿರ ಜನರನ್ನು, ಜೊತೆಗೆ ಆಶ್ರಿತರನ್ನೂ ಸಾಲಗಾರರನ್ನೂ ಕಟ್ಟಿಕೊಂಡು ಬಂದ. ವಿಚಾರಣೆ ನಡೆಯಲೇ ಇಲ್ಲ. ಇಷ್ಟಾಗಿಯೂ ಅವನ ಬುಡಕಟ್ಟಿನವರೇ ಅವನ ವಿರುದ್ಧ ಕಾನೂನನ್ನು ಎತ್ತಿಹಿಡಿಯಲು ಆಯುಧ ಹಿಡಿದು ಸೇರತೊಡಗಿದರು ಎಂಬುದು ಗಮನಿಸಬೇಕಾದ ಸಂಗತಿ. ಪಕ್ಕದ ಎಡುಯಿ ಬುಡಕಟ್ಟಿನಲ್ಲಿ ರಾಜನೇ ಇರಲಿಲ್ಲ. ‘ವೆರ್ಗೊಬ್ರೆಟ್’ ಎಂಬ ಮುಖ್ಯಾಧಿಕಾರಿಯನ್ನು ವರ್ಷಕ್ಕೊಮ್ಮೆ ಆರಿಸುತ್ತಿದ್ದರು.

ಅಂತಸ್ತು ಕಣ್ಣಿಗೆ ಕಾಣುತ್ತಿದ್ದುದು ಔತಣದಲ್ಲಿ. ಗಾಲ್ ನಾಡಿನಲ್ಲಿ ತಿರುಗಾಡಿದ ಗ್ರೀಕ್ ಪಂಡಿತ ಪೊಸಿಡೋನಿಯಸ್‌ನ ಮೂಲ ಬರಹ ಕಳೆದುಹೋಗಿದ್ದರೂ ಬೇರೆಯವರು ಎತ್ತಿಕೊಂಡ ತುಣುಕುಗಳು ಉಳಿದಿವೆ. ಹುಲ್ಲು ಹಾಸಿದ ನೆಲ, ಗಿಡ್ಡ ಮರದ ಮಣೆ, ಸುತ್ತಲೂ ಕುಳಿತ ಜನ, ಅವರ ನಡುವೆ ಎಲ್ಲರಿಗಿಂತ ದೊಡ್ಡವನು. ಉಳ್ಳವರಿಗೆ ಇಟಲಿಯಿಂದಲೋ ಮಸ್ಸಾಲಿಯಾದಿಂದಲೋ ಬಂದ ದ್ರಾಕ್ಷಾರಸ, ಇಲ್ಲದವರಿಗೆ ಗೋಧಿಯ ಬಿಯರ್. ಮಾಂಸದಲ್ಲಿ ತೊಡೆಯ ಭಾಗ ಅತಿ ವೀರನಿಗೆ ಸಲ್ಲಬೇಕು. ಅದು ತನಗೆಂದು ಇನ್ನೊಬ್ಬ ಎದ್ದರೆ ಸಾಯುವವರೆಗೂ ಕಾದಾಟ. ದ್ರಾಕ್ಷಾರಸದ ಹುಚ್ಚು ಎಷ್ಟಿತ್ತೆಂದರೆ ಒಂದು ಹೂಜಿ ರಸಕ್ಕೆ ಒಬ್ಬ ಗುಲಾಮನನ್ನು ಕೊಡುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ಅರ್ವೆರ್ನಿ ಬುಡಕಟ್ಟಿನ ದೊರೆ ಲುಯೆರ್ನಿಯಸ್ ರಥದ ಮೇಲಿಂದ ಚಿನ್ನ ಬೆಳ್ಳಿ ಎರಚುತ್ತ ಸಾಗುತ್ತಿದ್ದನಂತೆ. ಔತಣಕ್ಕೆ ತಡವಾಗಿ ಬಂದ ಕವಿಯೊಬ್ಬ ರಥದ ಪಕ್ಕ ಓಡುತ್ತಲೇ ಅವನನ್ನು ಹೊಗಳಿ ಹಾಡಿ ಚಿನ್ನದ ಚೀಲ ಪಡೆದನಂತೆ. ಕೊಟ್ಟದ್ದು ನಾಲ್ಕು ಜನರ ಬಾಯಲ್ಲಿ ಹಾಡಾಗಿ ಉಳಿಯದಿದ್ದರೆ ಸರದಾರಿಕೆಗೆ ಬೆಲೆಯಿರಲಿಲ್ಲ. ಹಾಗಾಗಿ ಕವಿಗಳ ಸ್ಥಾನ ಅಲಂಕಾರಕ್ಕಿಂತ ಬಹಳ ದೊಡ್ಡದಾಗಿತ್ತು.

ಡ್ರೂಯಿಡರ ವಿಷಯದಲ್ಲಿ ಭಾರತೀಯ ಓದುಗನಿಗೆ ಒಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. ಅದು ಹೊಸದೇನೂ ಅಲ್ಲ. ಡಯೋಜೆನೀಸ್ ಲೇರ್ಟಿಯಸ್ ಎಂಬ ಗ್ರೀಕ್ ಲೇಖಕ ಡ್ರೂಯಿಡರನ್ನೂ ಭಾರತದ ತಪಸ್ವಿಗಳನ್ನೂ ಒಂದೇ ಸಾಲಿನಲ್ಲಿ ಹೆಸರಿಸಿದ್ದ. 20ನೇ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸ ಜಾರ್ಜ್ ಡ್ಯುಮೆಜಿಲ್ ಇಂಡೋ–ಯುರೋಪಿಯನ್ ಸಮಾಜಗಳೆಲ್ಲ ಪುರೋಹಿತ, ಯೋಧ, ಉತ್ಪಾದಕ ಎಂಬ ಮೂರು ಪಾಲಿನ ಕಲ್ಪನೆಯಿಂದ ಬಂದವು ಎಂದು ವಾದಿಸಿದರು. ಬಾಯಿಪಾಠದ ವಿದ್ಯೆ, ಕೆಲವರಿಗೆ 20 ವರ್ಷದವರೆಗೂ ಹಿಡಿಯುತ್ತಿದ್ದ ಅಭ್ಯಾಸ, ತೆರಿಗೆ ಮತ್ತು ಯುದ್ಧದಿಂದ ವಿನಾಯಿತಿ, ತೀರ್ಪಿಗೆ ಬಗ್ಗದವರಿಗೆ ಬಲಿಕರ್ಮದಿಂದ ಬಹಿಷ್ಕಾರ, ಇವೆಲ್ಲ ಹೊಂದುತ್ತವೆ. ಆದರೆ ಡ್ರೂಯಿಡ್ ಆಗಲು ಹುಟ್ಟು ಅಡ್ಡಿಯಾಗಿತ್ತೆಂದು ಸೀಸರ್ ಎಲ್ಲೂ ಹೇಳುವುದಿಲ್ಲ. ಹಲವರು ತಾವಾಗಿಯೇ ಬರುತ್ತಾರೆ, ಹಲವರನ್ನು ತಂದೆತಾಯಿ ಕಳಿಸುತ್ತಾರೆ ಎನ್ನುತ್ತಾನೆ. ಹುಟ್ಟಿನಿಂದಲೇ ಬಾಗಿಲು ಮುಚ್ಚುವ ಜಾತಿಯ ಕಟ್ಟಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಹೋಲಿಕೆಯ ಉತ್ಸಾಹದಲ್ಲಿ ಅದನ್ನು ಮರೆಯಬಾರದು.

ಈಗ ಗಣಿಗೆ ಬರೋಣ. ಹಾಲ್‌ಸ್ಟಾಟ್ ಸರೋವರದ ಮೇಲಿನ ಬೆಟ್ಟದಲ್ಲಿ ಗಣಿ ಅಧಿಕಾರಿಯಾಗಿದ್ದ ಯೋಹಾನ್ ಗೇಯೋರ್ಗ್ ರಾಮ್‌ಸೌರ್ 1846ರಲ್ಲಿ ಅಗೆತ ಆರಂಭಿಸಿ 1863ರ ವೇಳೆಗೆ ಸುಮಾರು 980 ಸಮಾಧಿಗಳನ್ನು ತೆರೆದ. ಒಂದೊಂದು ಸಮಾಧಿಯಲ್ಲಿ ಸಿಕ್ಕಿದ್ದನ್ನೂ ಬಣ್ಣದ ಚಿತ್ರಗಳಲ್ಲಿ ದಾಖಲಿಸಲಾಯಿತು. ಆ ಕಾಲಕ್ಕೆ ಅಂಥ ಶಿಸ್ತು ಅಪರೂಪ. ಕಂಚಿನ ಪಾತ್ರೆ, ಉದ್ದ ಕತ್ತಿ, ಬಾಲ್ಟಿಕ್ ಕಡೆಯ ಅಂಬರ್ (ಕಲ್ಲಾದ ಮರದ ಅಂಟು), ದಂತದ ಹಿಡಿ, ಎಲ್ಲ ಶ್ರೀಮಂತರ ಸರಕು. ಇವರು ಗಣಿಯ ಒಡೆಯರಿರಬೇಕು, ದುಡಿದವರು ಬೇರೆಲ್ಲೋ ಮಣ್ಣಾಗಿರಬೇಕು ಎಂಬ ಊಹೆ ಸಹಜವೇ ಆಗಿತ್ತು.

ಎಲುಬುಗಳು ಬೇರೆ ಕಥೆ ಹೇಳಿದವು. ಸ್ನಾಯುಗಳು ಮೂಳೆಗೆ ಅಂಟುವ ಜಾಗದ ಗುರುತುಗಳನ್ನು ಪರೀಕ್ಷಿಸಿದಾಗ ಆ ಗಂಡಸರು ವರ್ಷಗಟ್ಟಲೆ ಗುದ್ದಲಿ ಬೀಸಿದವರು, ಹೆಂಗಸರು ಭಾರ ಹೊತ್ತವರು ಎಂದು ತಿಳಿಯಿತು. ಚಿನ್ನ, ಅಂಬರ್ ತೊಟ್ಟು ಮಲಗಿದ್ದವರೇ ಉಪ್ಪು ಕಡಿದವರು! ಮಕ್ಕಳ ಎಲುಬುಗಳಲ್ಲೂ ದುಡಿಮೆಯ ಸವೆತವಿದೆ. ಗಣಿಯೊಳಗೆ ಎಳೆಯ ಪಾದಗಳ ಅಳತೆಯ ಚರ್ಮದ ಪಾದರಕ್ಷೆಗಳು ಸಿಕ್ಕಿವೆ. ಓದುವಾಗ ಕರುಳು ಚುರ್ ಎನ್ನುವ ವಿವರ ಇದು. ಕೈತುಂಬ ಸಂಪತ್ತಿದ್ದ ಊರಲ್ಲೂ ಮಕ್ಕಳು ಸೌದೆಯ ಪಂಜಿನ ಬೆಳಕಿನಲ್ಲಿ ಬೆಟ್ಟದ ಹೊಟ್ಟೆಯೊಳಗೆ ದುಡಿಯುತ್ತಿದ್ದರು.

ಉಪ್ಪು ಏನನ್ನೂ ಕೊಳೆಯಗೊಡುವುದಿಲ್ಲ. ಬಣ್ಣ ಹಾಕಿ ನೇಯ್ದ ಬಟ್ಟೆಯ ಚೂರು, ಚರ್ಮದ ಬೆನ್ನುಚೀಲ, ಹಗ್ಗ, ಮುರಿದ ಹಿಡಿಕೆ, ಕೊನೆಗೆ ಗಣಿಗಾರರ ಮಲವೂ ಉಳಿದಿದೆ. ಅದರಲ್ಲಿ ಬಾರ್ಲಿ, ಕಿರುಧಾನ್ಯ, ಗೋಧಿ, ಅವರೆಯಂಥ ದಪ್ಪ ಬೀಜಗಳ ಗುರುತಿದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಬ್ಬಿಣ ಯುಗದ, ಅಂದರೆ ಈ ಕೆಲ್ಟರ ಕಾಲದ, ಒಂದು ಮಾದರಿಯಲ್ಲಿ ನೀಲಿ ಚೀಸ್ ಮಾಡಲು ಬಳಸುವ ಶಿಲೀಂಧ್ರ ಮತ್ತು ಬಿಯರ್‌ಗೆ ಬಳಸುವ ಯೀಸ್ಟ್ ಎರಡನ್ನೂ ಗುರುತಿಸಿತು. ಯಾವ ರೋಮನ್ ಲೇಖಕನೂ ಒಬ್ಬ ಗಣಿಗಾರನ ಊಟದ ಬಗ್ಗೆ ಇಷ್ಟು ಬರೆದಿಲ್ಲ.

ಕೆಲ್ಟರಲ್ಲಿ ಹೆಚ್ಚಿನವರು ಗಣಿಯವರಲ್ಲ, ರೈತರು. ಅವರ ಬದುಕನ್ನು ತಿಳಿಯಲು ಇಂಗ್ಲೆಂಡಿನಲ್ಲಿ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ಹಿಡಿದ ದಾರಿ ನನಗೆ ತುಂಬ ಹಿಡಿಸಿದ್ದು. 1972ರಲ್ಲಿ ಹ್ಯಾಂಪ್‌ಷೈರ್‌ನ ಬಟ್ಸರ್‌ನಲ್ಲಿ ಅವರು ಆ ಕಾಲದ ಹೊಲವನ್ನೇ ಮತ್ತೆ ಉತ್ತು ಬಿತ್ತಿ ನೋಡತೊಡಗಿದರು. ಬಿತ್ತಿದ್ದು ಸ್ಪೆಲ್ಟ್ ಗೋಧಿ ಮತ್ತು ಉತ್ತರ ಕರ್ನಾಟಕದಲ್ಲಿ ಸದಕ ಎನ್ನುವ ಜಾತಿಯ ಗೋಧಿ. ಸುಣ್ಣಕಲ್ಲಿನ ನೆಲದಲ್ಲಿ ಹಗೇವು ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿದರು. ಅಂಚಿನ ಕಾಳು ಮೊಳೆತು ಒಳಗಿನ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡು ಉಳಿದ ಕಾಳು ಕೆಡದೆ ಉಳಿಯುತ್ತದೆ. ಬಿತ್ತನೆ ಬೀಜವನ್ನೂ ಹೀಗೆ ಕಾಪಾಡಬಹುದಿತ್ತು. ಪುರಾತತ್ವಜ್ಞ ಬ್ಯಾರಿ ಕನ್‌ಲಿಫ್ 1969ರಿಂದ ಇಪ್ಪತ್ತು ವರ್ಷ ಅಗೆಸಿದ ಡೇನ್‌ಬರಿ ಬೆಟ್ಟದ ಕೋಟೆಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಹಗೇವುಗಳು ಸಿಕ್ಕವು. ಖಾಲಿಯಾದ ಹಲವುಗಳ ತಳದಲ್ಲಿ ಪ್ರಾಣಿಗಳ ದೇಹ, ಕೆಲವೆಡೆ ಮನುಷ್ಯರ ಎಲುಬು ಇಟ್ಟಿದ್ದರು. ಕಾಳು ಕಾದ ಭೂಮಿಗೆ ಸಲ್ಲಿಸಿದ ಕಾಣಿಕೆ ಎಂದು ಕನ್‌ಲಿಫ್ ಅದನ್ನು ಅರ್ಥೈಸಿದರು.

ಬ್ರಿಟನ್ನಿನ ಮನೆ ದುಂಡಗಿತ್ತು, ಯುರೋಪಿನ ಮುಖ್ಯ ಭೂಭಾಗದಲ್ಲಿ ಹೆಚ್ಚಾಗಿ ಚೌಕ. ದುಂಡುಮನೆಗೆ ಹೊಗೆಗಂಡಿ ಇರಲಿಲ್ಲ. ಹೊಗೆ ಹುಲ್ಲಿನ ಸೂರಿನ ಮೂಲಕವೇ ಸೋಸಿ ಹೋಗುತ್ತಿತ್ತು. ಮೇಲೆ ರಂಧ್ರ ಬಿಟ್ಟರೆ ಕಿಡಿ ಎಳೆದುಕೊಂಡು ಸೂರೇ ಹೊತ್ತಿಕೊಳ್ಳುವ ಅಪಾಯ. ಸುಮಾರು ಕಡೆ ಈ ಮನೆಗಳ ನಡುವೆ ಸಿರಿವಂತರದು, ಬಡವರದು ಎಂಬ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಸರದಾರ, ಡ್ರೂಯಿಡ್, ಸಾಮಾನ್ಯ ಎಂಬ ಗಾಲ್‌ನ ಮೆಟ್ಟಿಲನ್ನು ಎಲ್ಲ ಕೆಲ್ಟ್ ಭಾಷಿಕರ ಮೇಲೂ ಹೊರಿಸುವುದನ್ನು ಇತ್ತೀಚಿನ ಪುರಾತತ್ವಜ್ಞರು ಒಪ್ಪುವುದಿಲ್ಲ.

ಹಾಗೆಂದು ಅದನ್ನು ಸಮಾನತೆಯ ಸ್ವರ್ಗವೆಂದು ಬಣ್ಣಿಸುವುದೂ ಸುಳ್ಳಾಗುತ್ತದೆ. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಎರಡನೇ ಮಹಾಯುದ್ಧದ ವೇಳೆ ವಿಮಾನನಿಲ್ದಾಣ ಕಟ್ಟುವಾಗ ಲಿನ್ ಕೆರಿಗ್ ಬಾಕ್ ಎಂಬ ಕೆರೆಯ ಕೆಸರಿನಿಂದ ಕಬ್ಬಿಣದ ಸರಪಳಿಯೊಂದು ಬಂತು. ಹಳೆಯದೆಂದು ಅರಿಯದ ಕೆಲಸಗಾರರು ಹೂತ ಲಾರಿಗಳನ್ನು ಎಳೆಯಲು ಅದನ್ನು ಬಳಸಿದರು, ಅದು ತಡೆದುಕೊಂಡಿತು. ಆಮೇಲೆ ನೋಡಿದರೆ ಸುಮಾರು ಎರಡು ಸಾವಿರ ವರ್ಷ ಹಿಂದೆ ಮನುಷ್ಯರನ್ನು ಕೊರಳಿಗೆ ಕೊರಳು ಬಿಗಿದು ನಡೆಸಲು ಮಾಡಿದ ಸರಪಳಿ. ಬ್ರಿಟನ್ನಿನಿಂದ ಹೊರಹೋಗುವ ಸರಕುಗಳ ಪಟ್ಟಿಯಲ್ಲಿ ದವಸ, ದನ, ಚರ್ಮ, ಬೇಟೆನಾಯಿಗಳ ಜೊತೆ ಗುಲಾಮರನ್ನೂ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಸೇರಿಸಿದ್ದಾನೆ.

ಬಹುಕಾಲ ತಪ್ಪಾಗಿ ಓದಿದ ಇನ್ನೊಂದು ವಿಷಯ ಹೆಣ್ಣಿನ ಸ್ಥಾನ. 1953ರಲ್ಲಿ ಫ್ರಾನ್ಸಿನ ವಿಕ್ಸ್‌ನಲ್ಲಿ ಪುರಾತತ್ವಜ್ಞ ರೆನೆ ಜೋಫ್ರಾ ತೆರೆದ ಕ್ರಿ.ಪೂ. 500ರ ಸುಮಾರಿನ ಸಮಾಧಿಯಲ್ಲಿ 1.64 ಮೀಟರ್ ಎತ್ತರದ, 208 ಕಿಲೋ ತೂಕದ ಗ್ರೀಕ್ ಕಂಚಿನ ಪಾತ್ರೆ, 480 ಗ್ರಾಂ ಚಿನ್ನದ ಕಂಠಾಭರಣ, ನಾಲ್ಕು ಚಕ್ರದ ಬಂಡಿ ಇದ್ದವು. ನಡುವೆ ಮಲಗಿದ್ದವಳು ಒಬ್ಬ ಹೆಂಗಸು. ಇಷ್ಟು ವೈಭವ ಹೆಣ್ಣಿಗೆ ಸಲ್ಲದು ಎಂದು ನಂಬಿದ ಕೆಲವು ವಿದ್ವಾಂಸರು ಅದು ಹೆಣ್ಣುಡುಗೆ ತೊಟ್ಟ ಪುರೋಹಿತ ಪುರುಷನಿರಬೇಕು ಎಂದು ವಾದಿಸುವವರೆಗೂ ಹೋದರು. ಕಣ್ಣೆದುರಿನ ಎಲುಬಿಗಿಂತ ತಲೆಯೊಳಗಿನ ಪೂರ್ವಗ್ರಹ ಗಟ್ಟಿಯಾಗಿತ್ತು.

2024ರಲ್ಲಿ ಜರ್ಮನ್ ತಂಡವೊಂದು ದಕ್ಷಿಣ ಜರ್ಮನಿಯ ಇಂಥ ಶ್ರೀಮಂತ ಸಮಾಧಿಗಳ ಡಿಎನ್‌ಎ ಓದಿತು. 1978ರಲ್ಲಿ ಅಗೆತ ಆರಂಭವಾದ ಹೋಖ್‌ಡೋರ್ಫ್‌ನ ದೊರೆ, 500 ಲೀಟರ್ ಹಿಡಿಯುವ ಕೊಪ್ಪರಿಗೆ, ಚಿನ್ನದ ತಗಡು ಹೊದಿಸಿದ ಪಾದರಕ್ಷೆಗಳೊಡನೆ ಹೂಳಲ್ಪಟ್ಟವನು. ಅವನಿಗೂ ಸುಮಾರು ಹತ್ತು ಕಿಲೋಮೀಟರ್ ಆಚೆಯ ಆಸ್ಪೆರ್ಗ್‌ನ ದೊರೆಗೂ ತಾಯಿಯ ಕಡೆಯಿಂದ ಸೋದರಮಾವ–ಸೋದರಳಿಯ ಸಂಬಂಧವಿದ್ದಿರಬೇಕೆಂದು ಆ ಅಧ್ಯಯನ ತಿಳಿಸಿತು. ಕರಾವಳಿಯ ಅಳಿಯಸಂತಾನ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು, ಯುರೋಪಿನ ಇತಿಹಾಸಕಾರರಿಗೆ ಮಾತ್ರ ಅದು ದೊಡ್ಡ ಸುದ್ದಿಯಾಯಿತು.

ಮರುವರ್ಷ ಬಂದ ಫಲಿತಾಂಶ ಇನ್ನೂ ಮಹತ್ವದ್ದು, ಏಕೆಂದರೆ ಅದು ದೊರೆಗಳದ್ದಲ್ಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ದುರೊಟ್ರಿಗ ಬುಡಕಟ್ಟಿನ ಒಂದು ಸ್ಮಶಾನದ ಐವತ್ತಕ್ಕೂ ಹೆಚ್ಚು ಜನರ ಡಿಎನ್‌ಎಯನ್ನು ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮತ್ತು ಬೋರ್ನ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಓದಿದರು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಒಂದೇ ತಾಯಿಯ ಸಂತತಿ. ತಂದೆಯ ಕಡೆಯ ವಂಶಗಳು ಹಲವು, ಚೆದುರಿದವು. ಹೆಣ್ಣುಮಕ್ಕಳು ಹುಟ್ಟಿದ ಊರಲ್ಲೇ ಉಳಿಯುತ್ತಿದ್ದರು, ಮದುವೆಯಾಗಿ ಬೇರೆ ಊರಿಗೆ ಬರುತ್ತಿದ್ದವನು ಗಂಡ. ಬ್ರಿಟನ್ನಿನ ಹೆಂಗಸರನ್ನು ಹತ್ತು ಹನ್ನೆರಡು ಗಂಡಸರು ಹಂಚಿಕೊಳ್ಳುತ್ತಾರೆ ಎಂದು ಹೀನಾಯವಾಗಿ ಬರೆದ ಸೀಸರ್ ತನಗೆ ಅರ್ಥವಾಗದ ಕುಟುಂಬದ ಬಗ್ಗೆ ಕೇಳಿದ ಗಾಳಿಮಾತನ್ನು ದಾಖಲಿಸಿರಬಹುದು. ಗಂಡನಿಗೆ ಹೆಂಡತಿ ಮಕ್ಕಳ ಮೇಲೆ ಜೀವ ತೆಗೆಯುವ ಹಕ್ಕಿದೆ ಎಂಬ ಅವನದೇ ಮಾತು ಗಾಲ್‌ಗೆ ಸಂಬಂಧಿಸಿದ್ದು, ಡಾರ್ಸೆಟ್‌ಗೆ ಅದನ್ನು ಅಂಟಿಸಲಾಗದು.

ತಾಯಿಯ ಊರಲ್ಲಿ ಉಳಿಯುವುದಕ್ಕೂ ಹೆಣ್ಣು ಆಳುವುದಕ್ಕೂ ವ್ಯತ್ಯಾಸವಿದೆ, ಸಂಶೋಧಕರೂ ಆ ಎಚ್ಚರ ಉಳಿಸಿಕೊಂಡಿದ್ದಾರೆ. ಆದರೆ ನೆಲ ಮತ್ತು ನೆಂಟರು ಹೆಣ್ಣಿನ ಕಡೆಯವರಾದಾಗ ಮನೆಯೊಳಗೆ ಅವಳ ಮಾತಿಗೆ ತೂಕ ಬಾರದೆ ಇರದು. ಇನ್ನೊಂದು ಮಿತಿಯೂ ಇದೆ. ಕಬ್ಬಿಣ ಯುಗದ ಬ್ರಿಟನ್ನಿನ ಬಹುಭಾಗದಲ್ಲಿ ಸತ್ತವರನ್ನು ಸ್ಮಶಾನದಲ್ಲಿ ಹೂಳುವ ರೂಢಿ ಇರಲಿಲ್ಲ, ಅವರ ಎಲುಬುಗಳು ಸಿಗುವುದು ತೀರ ಅಪರೂಪ. ದುರೊಟ್ರಿಗರು ಹೂಳುತ್ತಿದ್ದರು, ಯಾರ್ಕ್‌ಷೈರ್‌ನ ಕೆಲವರೂ ಹೂಳುತ್ತಿದ್ದರು. ಯಾರ್ಕ್‌ಷೈರ್‌ನ ಎಲುಬುಗಳಲ್ಲೂ ಕ್ರಿ.ಪೂ. 400ಕ್ಕಿಂತ ಮೊದಲೇ ಬೇರೂರಿದ ಒಂದು ತಾಯಿವಂಶ ಎದ್ದು ಕಾಣುತ್ತದೆ.