ಹಗೇವಿನೊಳಗೆ ಉಸಿರಾಡುವ ಜೋಳ

ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬರುವ ಶಾಲೆ ಮಕ್ಕಳಿಗೆ ನಾವು ಗುಡಿ ತೋರಿಸುತ್ತೇವೆ, ರಾಜರ ಹೆಸರು ಬರೆಸುತ್ತೇವೆ. ಹಿಂದಿನ ಜನ ಏನು ಉಂಡರು, ಮಳೆ ಕೈಕೊಟ್ಟ ವರ್ಷ ಕಾಳು ಎಲ್ಲಿಂದ ತೆಗೆದರು ಅನ್ನುವ ಪಾಠ ಮಾತ್ರ ಬಿಟ್ಟೇ ಹೋಗುತ್ತದೆ. ಅದನ್ನು ಕೈಯಾರೆ ಮಾಡಿ ಕಲಿಯಲು ಬಾಗಲಕೋಟೆ, ವಿಜಯಪುರದ ಕಡೆ ಒಂದು ಒಳ್ಳೆ ದಾರಿ ಇದೆ: ಹಗೇವು, ಅಂದರೆ ಕಾಳು ಕೂಡಿಡಲು ನೆಲದಲ್ಲಿ ತೋಡುವ ಗುಂಡಿ.

ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೇ ಗಟ್ಟಿ ಗರಸಿನ (ಸಣ್ಣ ಕಲ್ಲು ಬೆರೆತ ಮಣ್ಣಿನ) ಜಾಗ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಹತ್ತಾರು ಚೀಲ ಜೋಳ ಹಿಡಿಯುವಷ್ಟು. ಒಳಗೆ ಸುತ್ತಲೂ ಒಣ ಕಣಿಕೆ, ಅಂದರೆ ಜೋಳದ ದಂಟು. ಕಾಳು ತುಂಬಿ, ಮೇಲೆ ಕಲ್ಲು ಇಟ್ಟು, ಮಣ್ಣು ಮೆತ್ತಿ ಮುಚ್ಚುತ್ತಿದ್ದರು.

ಹಾಗೆ ಮುಚ್ಚಿದ ಹಗೇವನ್ನು ತೆಗೆದು ತಕ್ಷಣ ಇಳಿದವನು ಒಳಗೇ ಕುಸಿದು ಬೀಳುತ್ತಿದ್ದ. ಅವನನ್ನು ಎತ್ತಲು ಇಳಿದವನೂ ಬೀಳುತ್ತಿದ್ದ. ದೆವ್ವ ಹಿಡಿಯಿತು, ಬಲಿ ಕೇಳಿತು ಅನ್ನುವ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ತಿಳಿದ ಹಿರಿಯರು ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಸುಮ್ನೆ ಕಾಯುತ್ತಿದ್ದರು. ಗಾಳಿಯನ್ನು ಪರೀಕ್ಷೆ ಮಾಡಿದವರ ಊರಲ್ಲಿ ದೆವ್ವದ ಮಾತು ಯಾಕೆ ಬೇಕು?

ಕಾಳಿಗೆ ಜೀವ ಇದೆ. ಒಣಗಿದ್ದರೂ ಅದು ನಿಧಾನವಾಗಿ ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ತಗೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಒಂದಿಷ್ಟು ಬಿಸಿ, ಒಂದಿಷ್ಟು ತೇವ. ನಿಜವಾದ ಸೊಗಸು ಇರುವುದು ಗೋಡೆಯ ಅಂಚಿನಲ್ಲಿ. ಅಲ್ಲಿನ ಕಾಳು ಮಣ್ಣಿನ ಪಸೆ ಹೀರಿ ಉಬ್ಬುತ್ತದೆ. ಕೆಲವು ಮೊಳೆಯುತ್ತವೆ, ಕೆಲವಕ್ಕೆ ಬೂಸ್ಟು ಹಿಡಿಯುತ್ತದೆ. ಮೊಳಕೆಗೂ ಬೂಸ್ಟಿಗೂ ಆಮ್ಲಜನಕ ಜಾಸ್ತಿ ಬೇಕು. ಬಾಯಿ ಮುಚ್ಚಿದೆ, ಹೊಸ ಗಾಳಿ ಬರುವುದಿಲ್ಲ. ಇದ್ದದ್ದನ್ನೆಲ್ಲ ಅವೇ ಖಾಲಿ ಮಾಡುತ್ತವೆ, ಆಮೇಲೆ ತಾವೂ ಅಲ್ಲಿಗೇ ನಿಲ್ಲುತ್ತವೆ. ಹೊರಗೆ ನೂರಕ್ಕೆ 21ರಷ್ಟಿರುವ ಆಮ್ಲಜನಕ ಒಳಗೆ 2-3ಕ್ಕೆ ಇಳಿದು ಹಾಗೇ ಉಳಿದರೆ ನುಸಿಯೂ ಸಾಯುತ್ತದೆ. ಅಂಚಿನ ಒಂದು ಪದರ ತಾನು ಕೆಟ್ಟು, ನಡುವಿನ ರಾಶಿಯನ್ನೆಲ್ಲ ಉಳಿಸುತ್ತದೆ! ಔಷಧಿ ಇಲ್ಲ, ಕರೆಂಟು ಇಲ್ಲ.

ಆದರೆ ಅದೇ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾವಿಯಲ್ಲಿ ನೀರು ನಿಂತ ಹಾಗೆ ಹಗೇವಿನ ಹೊಟ್ಟೆಯಲ್ಲಿ ನಿಲ್ಲುತ್ತದೆ. ನೂರಕ್ಕೆ 10ರಷ್ಟಾದರೆ ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪುತ್ತದೆ.

ರೋಮಿನ ಲೇಖಕ ವಾರೋ ಕ್ರಿ.ಪೂ. 1ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ: ನೆಲದೊಳಗಿನ ಕಣಜ ತೆಗೆದ ಕೂಡಲೇ ಇಳಿಯುವುದು ಅಪಾಯ, ಕೆಲವರಿಗೆ ಉಸಿರು ಕಟ್ಟಿದ್ದುಂಟು. ಇಂಗ್ಲೆಂಡಿನಲ್ಲಿ ಕಬ್ಬಿಣ ಯುಗದ ಇಂಥ ಗುಂಡಿಗಳು ಸಿಕ್ಕಾಗ, ಜನ ಅದರಲ್ಲೇ ವಾಸವಿದ್ದರು ಅಂತ ಬಹಳ ವಿದ್ವಾಂಸರು ನಂಬಿದ್ದರು. 1938-39ರಲ್ಲಿ ಲಿಟಲ್ ವುಡ್‌ಬರಿಯಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ಗೆರ್ಹಾರ್ಡ್ ಬೆರ್ಸು, ಇವು ಕಾಳು ಇಡುವ ಗುಂಡಿಗಳು ಎಂದರು. ಅಷ್ಟು ಮಳೆ ಬೀಳುವ ದೇಶದಲ್ಲಿ ಕಾಳು ನೆಲದಲ್ಲಿ ಉಳಿಯುತ್ತದಾ? ಇದನ್ನು ಇನ್ನೊಬ್ಬ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ಮಾಡಿಯೇ ನೋಡಿದರು. ಅವರು ಹಳೆಯ ಕಾಲದ ಬೇಸಾಯವನ್ನು ಮಾಡಿ ನೋಡಲೆಂದೇ 1972ರಲ್ಲಿ ಶುರುಮಾಡಿದ ಬಟ್ಸರ್ ಏನ್ಶಿಯಂಟ್ ಫಾರ್ಮ್‌ನಲ್ಲಿ ಗುಂಡಿ ತೋಡಿ, ಕಾಳು ತುಂಬಿ, ಮುಚ್ಚಿ, ಚಳಿಗಾಲ ಕಳೆದ ಮೇಲೆ ತೆಗೆದರು. ಹೆಚ್ಚಿನ ಕಾಳು ಬಿತ್ತನೆಗೆ ಬರುವಷ್ಟು ಚೆನ್ನಾಗಿತ್ತು. ಅಲ್ಲಿ ಹಳೆಯ ನಮೂನೆಯ ದುಂಡು ಮನೆಗಳನ್ನೂ ಕಟ್ಟಿದರು. ಹುಲ್ಲಿನ ಮಾಡಿಗೆ ಹೊಗೆಕಿಂಡಿ ಬೇಕಿಲ್ಲ, ಹೊಗೆ ಹುಲ್ಲಿನ ಸಂದಿಯಲ್ಲೇ ಹೊರಗೆ ಹೋಗುತ್ತದೆ, ಕಿಂಡಿ ಇಟ್ಟರೆ ಬೆಂಕಿ ಮೇಲೆದ್ದು ಮಾಡಿಗೆ ಹತ್ತುವ ಭಯ ಅನ್ನುವುದು ಹಾಗೆ ಕಟ್ಟಿದ್ದರಿಂದಲೇ ಸ್ಪಷ್ಟವಾಯಿತು.

ಅವರಿಗೆ ಹೇಳಿಕೊಡುವ ಅಜ್ಜ ಇರಲಿಲ್ಲ, ನಮಗೆ ಇದ್ದಾರೆ. ಗರಸು ಎಲ್ಲಿದೆ, ಕಣಿಕೆ ಎಷ್ಟು ದಪ್ಪ ಇಡಬೇಕು ಅಂತ ಊರಿನ ಹಿರಿಯರೇ ತೋರಿಸಲಿ. ಶಾಲೆಯ ಅಂಗಳದಲ್ಲಿ ಮೊಣಕಾಲು ಆಳದ ಎರಡು ಗುಂಡಿ ಸಾಕು, ಯಾರೂ ಒಳಗೆ ಇಳಿಯಬೇಕಿಲ್ಲ. ಎರಡಕ್ಕೂ ಜೋಳ ತುಂಬಿ, ಒಂದರ ಬಾಯಿಗೆ ಮಣ್ಣು ಮೆತ್ತಲಿ, ಇನ್ನೊಂದಕ್ಕೆ ಬರೀ ಗೋಣಿತಟ್ಟು ಹೊದಿಸಿ ಮೇಲೊಂದು ತಗಡು ಇಡಲಿ. ಮಳೆಗಾಲ ಮುಗಿದ ಮೇಲೆ ಅಂಚಿನಿಂದ ನೂರು, ನಡುವಿನಿಂದ ನೂರು ಕಾಳು ಆರಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆತವು ಅಂತ ಮಕ್ಕಳೇ ಎಣಿಸಲಿ.

ಊರಲ್ಲಿ ಹಳೆಯ ದೊಡ್ಡ ಹಗೇವು ಸಿಕ್ಕರೆ ಮಾತ್ರ ಕಂದೀಲು ನಂಬಿ ಇಳಿಯಬೇಡಿ. ಮನುಷ್ಯನಿಗೆ ಅಪಾಯವಾಗುವಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದರೂ ದೀಪ ಉರಿಯುತ್ತಿರಬಹುದು. ಅಲ್ಲಿಗೆ ಗ್ಯಾಸ್ ಅಳೆಯುವ ಯಂತ್ರವೇ ಬೇಕು.